ಗಡಿ, ಎಣಿಕೆ, ಹೊಣೆ: ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬಯಿಗಳ ಅಪರಾಧ ಪ್ರಮಾಣದ ಚಾರಿತ್ರಿಕ ವಿವೇಚನೆ

1. ಪೀಠಿಕೆ

ಭಾರತದ ದೊಡ್ಡ ನಗರಗಳಲ್ಲಿ ಹಿಂಸೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಮೊರೆಹೋಗುವುದು 'ಕ್ರೈಮ್ ಇನ್ ಇಂಡಿಯಾ' ಎಂಬ ವಾರ್ಷಿಕ ಸಂಪುಟಕ್ಕೆ. 1953ರಿಂದ ಪ್ರಕಟವಾಗುತ್ತ ಬಂದಿರುವ ಈ ಸಂಪುಟದ ಹೊಣೆಯನ್ನು 1986ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವಹಿಸಿಕೊಂಡಿದೆ. ಸಂಪುಟ ಹೊರಬಂದ ಮರುದಿನವೇ ಪತ್ರಿಕೆಗಳಲ್ಲಿ ನಗರಗಳ ಶ್ರೇಣೀಪಟ್ಟಿ ಸಿದ್ಧವಾಗುತ್ತದೆ. ದಿಲ್ಲಿ ಇಂತಿಷ್ಟು, ಬೆಂಗಳೂರು ಇಂತಿಷ್ಟು, ಮುಂಬಯಿ ಇವೆರಡಕ್ಕಿಂತಲೂ ಬಹಳ ಕಡಿಮೆ ಎಂಬ ತೀರ್ಮಾನ ಜನಮನದಲ್ಲಿ ನೆಲೆಗೊಳ್ಳುತ್ತದೆ. ಹೊರನಾಡ ಕನ್ನಡಿಗರ ಬದುಕನ್ನೂ ಸಾಹಿತ್ಯವನ್ನೂ ಅಭ್ಯಸಿಸುವವರು ಇದೇ ತೀರ್ಮಾನವನ್ನು ತಮ್ಮ ಬರವಣಿಗೆಯ ಹಿನ್ನೆಲೆಯಾಗಿ ಸ್ವೀಕರಿಸುವ ಸಾಧ್ಯತೆ ಇದೆ.

ಈ ಪಟ್ಟಿಯಲ್ಲಿ ಥಾಣೆ ಇಲ್ಲ. ಕಲ್ಯಾಣ್, ಡೊಂಬಿವಲಿ ಇಲ್ಲ. ನವಿ ಮುಂಬಯಿಯೂ ಇಲ್ಲ. ಕನ್ನಡಿಗರ ಸಂಖ್ಯೆ ಗಣನೀಯವಾಗಿರುವ, ಕರ್ನಾಟಕ ಸಂಘಗಳೂ ಕನ್ನಡಿಗರೇ ನಡೆಸುವ ಶಾಲೆಗಳೂ ಇರುವ ಈ ಊರುಗಳು ಪಟ್ಟಿಯಿಂದ ಹೊರಗುಳಿದುದಕ್ಕೆ ಅವು ಚಿಕ್ಕ ಊರುಗಳೆಂಬುದು ಕಾರಣವಲ್ಲ. ಅವು ಪಟ್ಟಿಯಲ್ಲಿ ಇವೆ. ಆದರೆ ಅರ್ಧ ಮಾತ್ರ ಇವೆ. ಅವುಗಳ ಜನಸಂಖ್ಯೆ ಮುಂಬಯಿಯ ಲೆಕ್ಕದೊಳಗೆ ಸೇರಿದೆ, ಅವುಗಳ ಅಪರಾಧ ಸೇರಿಲ್ಲ. ಈ ವೈಪರೀತ್ಯ ಹೇಗೆ ಉಂಟಾಯಿತು, ಅದರಿಂದ ನಗರಗಳ ತುಲನೆ ಯಾವ ಮಟ್ಟಿಗೆ ವಕ್ರವಾಗಿದೆ ಎಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

2. ಹೆಜ್ಜೆಗುರುತು ಮತ್ತು ಹೊಣೆ

ಅಪರಾಧವನ್ನು ಯಾವ ಊರಿನ ಲೆಕ್ಕಕ್ಕೆ ಹಚ್ಚಬೇಕು ಎಂಬ ಪ್ರಶ್ನೆ ಹೊಸದಲ್ಲ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಇದಕ್ಕೆ ಸ್ಪಷ್ಟವಾದ ನಿಯಮವಿದೆ. ಕೊಲೆಯೋ ಕಳವೋ ಊರೊಳಗೆ ನಡೆದು, ಅಪರಾಧಿ ಹೊರಹೋದ ಗುರುತು ಕಾಣದಿದ್ದರೆ ದೋಷ ಗ್ರಾಮಾಧಿಪತಿಯದು. ಹುಲ್ಲುಗಾವಲಿನಲ್ಲಿ ನಡೆದರೆ ಅದರ ಒಡೆಯನದು. ದಾರಿಯಲ್ಲಿ ನಡೆದರೆ ಕಳ್ಳರನ್ನು ಹಿಡಿಯಲು ನೇಮಕಗೊಂಡ ಅಧಿಕಾರಿಯದು. ತನ್ನ ಎಲ್ಲೆಯೊಳಗೆ ನಡೆದುದಕ್ಕೆ ಗ್ರಾಮವೇ ದಂಡ ತೆರಬೇಕು, ಇಲ್ಲವೇ ಹೆಜ್ಜೆಗುರುತು ಯಾವ ಗ್ರಾಮವನ್ನು ಹೊಕ್ಕಿತೋ ಆ ಗ್ರಾಮ ತೆರಬೇಕು. ಊರಿನಿಂದ ಒಂದು ಕ್ರೋಶಕ್ಕೂ ಆಚೆ ನಡೆದಿದ್ದರೆ ಸುತ್ತಲಿನ ಐದು ಅಥವಾ ಹತ್ತು ಗ್ರಾಮಗಳು ಕೂಡಿ ಹೊರಬೇಕು.

ಈ ಸ್ಮೃತಿಯ ಮೇಲಿನ ಎರಡು ಪ್ರಸಿದ್ಧ ವ್ಯಾಖ್ಯಾನಗಳು ನಮ್ಮ ವಿಷಯಕ್ಕೆ ಅತ್ಯಂತ ಸಮೀಪದವು. ಒಂದು, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ'. ಅದು ಹುಟ್ಟಿದ ಕಲ್ಯಾಣ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಹೊರತು ಥಾಣೆ ಜಿಲ್ಲೆಯ ಕಲ್ಯಾಣ್ ಅಲ್ಲ ಎಂಬುದನ್ನು ಕರ್ನಾಟಕದ ಹೊರಗಿನ ವಿದ್ವಾಂಸರ ಗಮನಕ್ಕೆ ತರಬೇಕಾಗಿದೆ. ಕೊಂಕಣದ ಕಲ್ಯಾಣ್ ಅದಕ್ಕಿಂತ ಎಷ್ಟೋ ಹಳೆಯ ಬಂದರು, ಕ್ರಿ.ಶ. ಮೊದಲ ಶತಮಾನದ 'ಪೆರಿಪ್ಲಸ್' ಗ್ರಂಥ ಅದನ್ನು ಹೆಸರಿಸುತ್ತದೆ. ಇನ್ನೊಂದು ವ್ಯಾಖ್ಯಾನ 'ಅಪರಾರ್ಕ'. ಅದರ ಕರ್ತೃ ಅಪರಾದಿತ್ಯನು 12ನೆಯ ಶತಮಾನದ ಉತ್ತರ ಕೊಂಕಣದ ಶಿಲಾಹಾರ ದೊರೆ. ಶಿಲಾಹಾರರ ಸ್ಥಾನಕವೇ ಇಂದಿನ ಥಾಣೆ. ಅವರ ಸಂಸ್ಕೃತ ತಾಮ್ರಶಾಸನಗಳಲ್ಲಿ ಕನ್ನಡದ ಬಿರುದುಗಳು ಹಾಗೆಯೇ ಉಳಿದುಕೊಂಡಿರುವುದು ಕನ್ನಡ ಸಂಶೋಧಕರಿಗೆ ಪರಿಚಿತವಾದ ಸಂಗತಿ. ಅಂದರೆ ಹಿಂಸೆಯ ಹೊಣೆ ಯಾವ ಎಲ್ಲೆಗೆ ಸೇರಬೇಕೆಂಬ ವಿಚಾರವನ್ನು ಥಾಣೆಯ ಅರಸನೊಬ್ಬನು ಎಂಟುನೂರು ವರ್ಷಗಳಿಗೂ ಹಿಂದೆ ಕೈಗೆತ್ತಿಕೊಂಡಿದ್ದನು.

ಆ ನಿಯಮ ವ್ಯವಹಾರದಲ್ಲಿ ಎಷ್ಟರಮಟ್ಟಿಗೆ ನಡೆಯುತ್ತಿತ್ತು ಎಂಬುದು ಬೇರೆಯ ಪ್ರಶ್ನೆ. ಇಲ್ಲಿ ಮುಖ್ಯವಾದುದು ಅದರ ತರ್ಕ. ಅಲ್ಲಿ ಅಪರಾಧ ಎಣಿಸುವ ಗಡಿಯೂ ಹೊಣೆ ಹೊರುವ ಜನರ ಗಡಿಯೂ ಒಂದೇ. ದಾರಿಯ ಅಪರಾಧಕ್ಕೆ ಪ್ರತ್ಯೇಕ ಅಧಿಕಾರಿ ಇದ್ದರೂ ಅವನ ಹೊಣೆ ಗೊತ್ತುಪಡಿಸಿದ್ದು. ಇಂದಿನ ನಗರ ಅಂಕಿಅಂಶಗಳಲ್ಲಿ ಕಳಚಿಕೊಂಡಿರುವುದು ಈ ಕೊಂಡಿಯೇ.

3. ಊರುಗಳು ನಗರಸಮೂಹವಾದ ಬಗೆ

1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಹೊರಟ ಪ್ರಯಾಣಿಕರ ರೈಲು ನಿಂತದ್ದು ಥಾಣೆಯಲ್ಲಿ; ಮರುವರ್ಷ ಹಳಿ ಕಲ್ಯಾಣನ್ನು ಮುಟ್ಟಿತು. ಆದರೆ ಆಡಳಿತದ ಗಡಿ ಹಳಿಯ ಜೊತೆಗೆ ಓಡಲಿಲ್ಲ. ಸಾಷ್ಟಿ ದ್ವೀಪದ ಬಹುಭಾಗ ಥಾಣೆ ಜಿಲ್ಲೆಯಲ್ಲಿಯೇ ಇದ್ದು, 1920ರಲ್ಲಿ ಮುಂಬಯಿ ಉಪನಗರ ಜಿಲ್ಲೆ ಅದರಿಂದ ಬೇರ್ಪಟ್ಟಿತು. 1950ರಲ್ಲಿ ಮತ್ತು 1957ರಲ್ಲಿ ಬೃಹನ್ಮುಂಬಯಿಯ ಎಲ್ಲೆ ವಿಸ್ತರಿಸಿ ಪೂರ್ವದಲ್ಲಿ ಮುಲುಂಡ್, ಪಶ್ಚಿಮದಲ್ಲಿ ದಹಿಸರ್ ಕೊನೆಯ ಊರುಗಳಾದವು. ಅಲ್ಲಿಗೆ ಮುಂಬಯಿಯ ಗಡಿ ನಿಂತಿತು. ಜನ ಮಾತ್ರ ನಿಲ್ಲಲಿಲ್ಲ.

ಮುಂಬಯಿಯ ಒತ್ತಡವನ್ನು ಕೊಲ್ಲಿಯ ಆಚೆಗೆ ಹಂಚುವ ಸಲುವಾಗಿ 1970ರಲ್ಲಿ ಸಿಡ್ಕೊ ಸಂಸ್ಥೆ ಹುಟ್ಟಿ ನವಿ ಮುಂಬಯಿಯ ನಿರ್ಮಾಣ ಆರಂಭವಾಯಿತು. ಥಾಣೆಗೆ 1981ರಲ್ಲಿ ಪ್ರತ್ಯೇಕ ಪೊಲೀಸ್ ಕಮಿಷನರೇಟ್, 1982ರಲ್ಲಿ ಮಹಾನಗರಪಾಲಿಕೆ ಬಂದವು. 1983ರಲ್ಲಿ ಕಲ್ಯಾಣ್ ಮಹಾನಗರಪಾಲಿಕೆ ರಚನೆಯಾದಾಗ, ಅಲ್ಲಿಯವರೆಗೆ ತನ್ನದೇ ಪುರಸಭೆ ಹೊಂದಿದ್ದ ಡೊಂಬಿವಲಿ ಅದರೊಳಗೆ ಸೇರಿತು. 1992ರಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ, 1994ರಲ್ಲಿ ಅದರ ಪೊಲೀಸ್ ಕಮಿಷನರೇಟ್ ಸ್ಥಾಪಿತವಾದವು. 2014ರಲ್ಲಿ ಥಾಣೆ ಜಿಲ್ಲೆ ಒಡೆದು ಪಾಲ್ಘರ್ ಜಿಲ್ಲೆಯಾಯಿತು. 2020ರಲ್ಲಿ ಮೀರಾ-ಭಾಯಂದರ್ ಮತ್ತು ವಸಾಯಿ-ವಿರಾರ್‌ಗಳಿಗೆ ಇನ್ನೊಂದು ಕಮಿಷನರೇಟ್ ದೊರೆಯಿತು. ಪೊಲೀಸ್ ವ್ಯವಸ್ಥೆ ಹೀಗೆ ಒಡೆಯುತ್ತ ಹೋಯಿತು ಎಂಬುದನ್ನು ನೆನಪಿನಲ್ಲಿಡಬೇಕು.

ಜನಗಣತಿ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಸಾಗಿತು. ಒಂದಕ್ಕೊಂದು ತಾಗಿ ಬೆಳೆದ ಊರುಗಳನ್ನು 'ನಗರಸಮೂಹ' ಎಂದು ಒಟ್ಟಾಗಿ ಪರಿಗಣಿಸುವ ಪರಿಕಲ್ಪನೆ 1971ರ ಜನಗಣತಿಯಲ್ಲಿ ಬಳಕೆಗೆ ಬಂದಿತು. 1991ರ ಹೊತ್ತಿಗೆ ಥಾಣೆ, ಕಲ್ಯಾಣ್, ನವಿ ಮುಂಬಯಿ, ಉಲ್ಲಾಸನಗರಗಳು ಬೃಹನ್ಮುಂಬಯಿ ನಗರಸಮೂಹದ ಅಂಗಗಳಾಗಿದ್ದವು. ಆ ವರ್ಷ ನಗರಸಮೂಹದ ಜನಸಂಖ್ಯೆ ಸುಮಾರು 126 ಲಕ್ಷ; ಅದರಲ್ಲಿ ಮುಂಬಯಿ ಪಾಲಿಕೆಯದು ಸುಮಾರು 99 ಲಕ್ಷ. 2001ರಲ್ಲಿ ಇವು ಅನುಕ್ರಮವಾಗಿ 164 ಮತ್ತು 120 ಲಕ್ಷ. 2011ರಲ್ಲಿ 184 ಮತ್ತು 124 ಲಕ್ಷ. ಸಮೂಹದಲ್ಲಿ ಮುಂಬಯಿಯೇತರ ಊರುಗಳ ಪಾಲು ಶೇಕಡ 21ರಿಂದ 27ಕ್ಕೆ, ಅಲ್ಲಿಂದ 32ಕ್ಕೆ ಏರಿತು. ಪೊಲೀಸ್ ಇಲಾಖೆ ಬೇರ್ಪಡಿಸುತ್ತಿದ್ದ ಊರುಗಳನ್ನೇ ಜನಗಣತಿ ಕೂಡಿಸುತ್ತಿತ್ತು. ಅಪರಾಧ ಪ್ರಮಾಣವೆಂಬುದು ಇವೆರಡನ್ನೂ ಒಂದೇ ಭಿನ್ನರಾಶಿಯಲ್ಲಿ ಇಟ್ಟಾಗ ಹುಟ್ಟುವ ಸಂಖ್ಯೆ.

4. ಅಂಶ ಮತ್ತು ಛೇದ

ಅಪರಾಧ ಪ್ರಮಾಣವೆಂದರೆ ಒಂದು ಲಕ್ಷ ಜನಸಂಖ್ಯೆಗೆ ದಾಖಲಾದ ಪ್ರಕರಣಗಳ ಸಂಖ್ಯೆ. ಪ್ರಕರಣಗಳ ಸಂಖ್ಯೆ ಅಂಶ, ಜನಸಂಖ್ಯೆ ಛೇದ. ಬ್ಯೂರೋ 2016ರಿಂದ ಈಚೆಗೆ, 2011ರ ಜನಗಣತಿಯಂತೆ 20 ಲಕ್ಷಕ್ಕೂ ಹೆಚ್ಚು ಜನರಿರುವ 19 ಮಹಾನಗರಗಳ ಪಟ್ಟಿ ಕೊಡುತ್ತ ಬಂದಿದೆ. 2022ರ ಸಂಪುಟದಲ್ಲಿ ದಾಖಲಾದ ಕೊಲೆ ಪ್ರಕರಣಗಳು ದಿಲ್ಲಿಯಲ್ಲಿ 501, ಬೆಂಗಳೂರಿನಲ್ಲಿ 173, ಮುಂಬಯಿಯಲ್ಲಿ 135. ಛೇದವಾಗಿ ಬಳಸಿದ ಜನಸಂಖ್ಯೆ ದಿಲ್ಲಿಗೆ 163.1 ಲಕ್ಷ, ಬೆಂಗಳೂರಿಗೆ 85.0 ಲಕ್ಷ, ಮುಂಬಯಿಗೆ 184.1 ಲಕ್ಷ. ಭಾಗಿಸಿದರೆ ಲಕ್ಷಕ್ಕೆ ಅನುಕ್ರಮವಾಗಿ 3.1, 2.0 ಮತ್ತು 0.7 ಬರುತ್ತದೆ. ಬೆಂಗಳೂರು ಮುಂಬಯಿಗಿಂತ ಸುಮಾರು ಮೂರು ಪಟ್ಟು ಹಿಂಸೆಯ ನಗರವೆಂಬ ಮಾತಿಗೆ ಇದೇ ಆಧಾರ.

ಈ 184.1 ಲಕ್ಷ ಯಾರು? 2011ರ ಜನಗಣತಿಯ ಅಂಕಿಗಳನ್ನು ಲಕ್ಷಗಳಲ್ಲಿ ಕೂಡಿಸಿ ನೋಡೋಣ: ಬೃಹನ್ಮುಂಬಯಿ ಪಾಲಿಕೆ 124.4, ಥಾಣೆ 18.4, ಕಲ್ಯಾಣ್-ಡೊಂಬಿವಲಿ 12.5, ನವಿ ಮುಂಬಯಿ 11.2, ಮೀರಾ-ಭಾಯಂದರ್ 8.1, ಉಲ್ಲಾಸನಗರ 5.1, ಅಂಬರನಾಥ 2.5, ಬದ್ಲಾಪುರ 1.7. ಒಟ್ಟು 183.9 ಲಕ್ಷ. ಬ್ಯೂರೋದ ಛೇದಕ್ಕೂ ಇದಕ್ಕೂ ಇರುವ ಅಂತರ ತೀರ ಅಲ್ಪ. ಆದುದರಿಂದ ಛೇದದಲ್ಲಿರುವುದು ಇಡೀ ನಗರಸಮೂಹ. ಅಂಶದಲ್ಲಿರುವ 135 ಕೊಲೆಗಳಾದರೋ ಮುಂಬಯಿ ಪೊಲೀಸ್ ಕಮಿಷನರೇಟಿನವು. ಥಾಣೆ, ನವಿ ಮುಂಬಯಿ ಕಮಿಷನರೇಟುಗಳ ಅಂಕಿಗಳು ಅದೇ ಸಂಪುಟದ ಜಿಲ್ಲಾವಾರು ಕೋಷ್ಟಕಗಳಲ್ಲಿ ಬೇರೆಯಾಗಿಯೇ ಇವೆ.

ಛೇದವನ್ನೂ ಮುಂಬಯಿ ಪಾಲಿಕೆಗೆ ಸೀಮಿತಗೊಳಿಸಿದರೆ ಪ್ರಮಾಣ 0.7 ಅಲ್ಲ, 1.1 ಆಗುತ್ತದೆ. ಕೊಲೆಗೆ ಮಾತ್ರವಲ್ಲ, ಮುಂಬಯಿಯ ಯಾವ ಅಪರಾಧದ ಪ್ರಮಾಣವನ್ನೇ ತೆಗೆದುಕೊಂಡರೂ ಅದನ್ನು ಸುಮಾರು ಒಂದೂವರೆ ಪಟ್ಟು ಹೆಚ್ಚಿಸಿ ಓದಬೇಕಾಗುತ್ತದೆ. ಬೆಂಗಳೂರಿನಲ್ಲಿ ಇಂಥ ತೊಡಕು ಬಹುಮಟ್ಟಿಗೆ ಇಲ್ಲ. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯ ಜನಸಂಖ್ಯೆ 84.4 ಲಕ್ಷ, ನಗರಸಮೂಹದ್ದು 85 ಲಕ್ಷ. ಅಲ್ಲಿ ನಗರವೂ ನಗರಸಮೂಹವೂ ಹೆಚ್ಚುಕಡಿಮೆ ಒಂದೇ. ಹೀಗೆ ನೋಡಿದಾಗ ಬೆಂಗಳೂರು ಮತ್ತು ಮುಂಬಯಿಗಳ ಅಂತರ ಮೂರು ಪಟ್ಟಿನಿಂದ ಎರಡು ಪಟ್ಟಿಗೂ ಕೆಳಗೆ ಇಳಿಯುತ್ತದೆ.

ಇದರ ಮೇಲೆ ಕಾಲದ ತೊಡಕೂ ಇದೆ. 2021ರ ಜನಗಣತಿ ನಡೆಯದೆ ಹೋದುದರಿಂದ 2022ರ ಅಪರಾಧವನ್ನು 2011ರ ಜನರಿಂದ ಭಾಗಿಸಲಾಗಿದೆ. 2001 ಮತ್ತು 2011ರ ನಡುವೆ ಮುಂಬಯಿ ಪಾಲಿಕೆಯ ಜನ ಹೆಚ್ಚಿದ್ದು ಶೇಕಡ 4ರಷ್ಟು ಮಾತ್ರ. ಬೆಂಗಳೂರು ನಗರಸಮೂಹ ಬೆಳೆದದ್ದು 57 ಲಕ್ಷದಿಂದ 85 ಲಕ್ಷಕ್ಕೆ, ಅಂದರೆ ಶೇಕಡ 49ರಷ್ಟು. ವೇಗವಾಗಿ ಬೆಳೆಯುವ ಊರಿಗೆ ಹಳೆಯ ಛೇದವನ್ನು ಹಚ್ಚಿದರೆ ಅದರ ಅಪರಾಧ ಪ್ರಮಾಣ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ರಾಜ್ಯಗಳ ಕೋಷ್ಟಕಗಳಲ್ಲಿ ಬ್ಯೂರೋ ಅಂದಾಜು ಜನಸಂಖ್ಯೆಯನ್ನು ಬಳಸುತ್ತದೆ, ನಗರಗಳ ಕೋಷ್ಟಕದಲ್ಲಿ ಬಳಸುವುದಿಲ್ಲ. ಆದುದರಿಂದ ಒಂದೇ ಸಂಪುಟದೊಳಗೆ ಕರ್ನಾಟಕದ ಪ್ರಮಾಣವನ್ನೂ ಬೆಂಗಳೂರಿನ ಪ್ರಮಾಣವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಸಹ ನ್ಯಾಯವಲ್ಲ.

ಕಲಕತ್ತೆಯ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. 2022ರಲ್ಲಿ ಲಕ್ಷಕ್ಕೆ 86.5 ಸಂಜ್ಞೇಯ ಅಪರಾಧಗಳೆಂಬ ಲೆಕ್ಕದಿಂದ ಅದು ದೇಶದ ಅತ್ಯಂತ ಸುರಕ್ಷಿತ ಮಹಾನಗರವೆನಿಸಿಕೊಂಡಿತು. ಅದರ ಛೇದ 141 ಲಕ್ಷ. ಕಲಕತ್ತೆ ಮಹಾನಗರಪಾಲಿಕೆಯ ಜನ 45 ಲಕ್ಷ. ದಿಲ್ಲಿಯ ಸ್ಥಿತಿ ಇದಕ್ಕೆ ವಿರುದ್ಧ. ಮುಂಬಯಿಗೆ ಥಾಣೆ ಹೇಗೋ ದಿಲ್ಲಿಗೆ ಗಾಜಿಯಾಬಾದ್ ಹಾಗೆ. ಆದರೆ ನಡುವೆ ರಾಜ್ಯದ ಗಡಿ ಇರುವುದರಿಂದ ಗಾಜಿಯಾಬಾದ್ ಅದೇ 19 ನಗರಗಳ ಪಟ್ಟಿಯಲ್ಲಿ ತನ್ನದೇ ಸಾಲನ್ನು ಪಡೆದಿದೆ, ಥಾಣೆ ಪಡೆದಿಲ್ಲ. ಹಿಂಸೆಯ ತಾರತಮ್ಯವೆಂದು ನಾವು ಓದುತ್ತಿರುವುದರಲ್ಲಿ ಒಂದು ಪಾಲು ಗಡಿಗಳ ತಾರತಮ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

5. ಸಾಲಿಲ್ಲದ ಅರವತ್ತು ಲಕ್ಷ ಜನ

ಮುಂಬಯಿಯ ಪ್ರಮಾಣ ಕೃತಕವಾಗಿ ತಗ್ಗಿದ್ದರೆ ಸುತ್ತಲಿನ ಊರುಗಳ ಪ್ರಮಾಣ ಏನಾಯಿತು? ರಾಷ್ಟ್ರೀಯ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ. ತಾವೇ ಲೆಕ್ಕ ಹಾಕಲು ಹೊರಟವರಿಗೆ ತದ್ವಿರುದ್ಧವಾದ ಅಪಾಯವೊಂದು ಎದುರಾಗುತ್ತದೆ.

ಥಾಣೆ ಕಮಿಷನರೇಟಿನ ವ್ಯಾಪ್ತಿ ಥಾಣೆ ನಗರಕ್ಕೆ ಸೀಮಿತವಾದುದಲ್ಲ. ಥಾಣೆ, ವಾಗಳೆ ಎಸ್ಟೇಟ್, ಭಿವಂಡಿ, ಕಲ್ಯಾಣ್, ಉಲ್ಲಾಸನಗರ ಎಂಬ ಐದು ವಲಯಗಳು ಅದರಲ್ಲಿವೆ. ಅಂಬರನಾಥ, ಬದ್ಲಾಪುರಗಳೂ ಅದಕ್ಕೇ ಸೇರುತ್ತವೆ. 2011ರ ಲೆಕ್ಕದಂತೆ, ಭಿವಂಡಿಯ 7.1 ಲಕ್ಷವನ್ನೂ ಕೂಡಿಸಿದರೆ, ಈ ನಗರಗಳ ಒಟ್ಟು ಜನಸಂಖ್ಯೆ 47 ಲಕ್ಷವನ್ನು ದಾಟುತ್ತದೆ. ಇದು 19 ಮಹಾನಗರಗಳಲ್ಲಿ ಒಂದಾದ ಸೂರತ್ತಿನ 45.8 ಲಕ್ಷಕ್ಕಿಂತ ಹೆಚ್ಚು. 'ಥಾಣೆ' ಎಂಬ ಹೆಸರನ್ನು ಮಾತ್ರ ನೋಡಿ, ಇಡೀ ಕಮಿಷನರೇಟಿನ ಅಪರಾಧವನ್ನು ಥಾಣೆ ಪಾಲಿಕೆಯ 18.4 ಲಕ್ಷದಿಂದ ಭಾಗಿಸಿದರೆ ಪ್ರಮಾಣ ಎರಡೂವರೆ ಪಟ್ಟು ಉಬ್ಬುತ್ತದೆ. ನವಿ ಮುಂಬಯಿಯದೂ ಅದೇ ಕಥೆ. ಅದರ ಕಮಿಷನರೇಟ್ ರಾಯಗಡ ಜಿಲ್ಲೆಯ ಪನ್ವೇಲ್, ಉರಣ್‌ಗಳನ್ನೂ ಒಳಗೊಂಡಿದೆ. ಅವು ನವಿ ಮುಂಬಯಿ ಪಾಲಿಕೆಗೂ ಸೇರಿಲ್ಲ, ಬೃಹನ್ಮುಂಬಯಿ ನಗರಸಮೂಹಕ್ಕೂ ಸೇರಿಲ್ಲ. ಒಂದು ತಪ್ಪಿನಿಂದ ಮುಂಬಯಿ ಸುರಕ್ಷಿತವಾಗಿಯೂ ಅದರ ಮಗ್ಗುಲಿನ ಊರುಗಳು ಇನ್ನೊಂದು ತಪ್ಪಿನಿಂದ ಭಯಾನಕವಾಗಿಯೂ ತೋರುತ್ತವೆ.

ಡೊಂಬಿವಲಿಯ ಸ್ಥಿತಿ ಇನ್ನೂ ಅಸ್ಪಷ್ಟ. ಅದು ಕಲ್ಯಾಣ್ ವಲಯದ ಭಾಗವಾಗಿರುವುದರಿಂದ ಕಮಿಷನರೇಟಿನ ಮೊತ್ತದಲ್ಲಿಯೂ ಪ್ರತ್ಯೇಕವಾಗಿ ಕಾಣಿಸದು. 1983ರ ವಿಲೀನದ ತರುವಾಯ ಪಾಲಿಕೆಯ ಒಟ್ಟು ಜನಸಂಖ್ಯೆಯಲ್ಲಿಯೂ ಪ್ರತ್ಯೇಕವಲ್ಲ. ಡೊಂಬಿವಲಿಯ ಅಪರಾಧ ಪ್ರಮಾಣ ಬೇಕೆನ್ನುವವರು ಠಾಣಾವಾರು ದಾಖಲೆಗಳನ್ನೂ ವಾರ್ಡುವಾರು ಜನಗಣತಿಯನ್ನೂ ಹೊಂದಿಸಿ ತಾವೇ ಕಟ್ಟಿಕೊಳ್ಳಬೇಕು.

ಇನ್ನು ರೈಲಿನ ವಿಷಯ. ಡೊಂಬಿವಲಿಯಲ್ಲಿ ಹತ್ತಿ ಮುಂಬಯಿಯಲ್ಲಿ ಇಳಿಯುವ ಪ್ರಯಾಣಿಕನ ದಿನದ ಎರಡು ಮೂರು ಗಂಟೆಗಳು ಕಳೆಯುವುದು ಹಳಿಯ ಮೇಲೆ. ಅಲ್ಲಿ ನಡೆದ ಹಲ್ಲೆ, ದರೋಡೆ, ಕೊಲೆಗಳು ಡೊಂಬಿವಲಿಗೂ ಸೇರವು, ಮುಂಬಯಿ ನಗರ ಪೊಲೀಸರಿಗೂ ಸೇರವು. ಅವು ಪ್ರತ್ಯೇಕವಾದ ಮುಂಬಯಿ ರೈಲ್ವೆ ಪೊಲೀಸ್ ಕಮಿಷನರೇಟಿನ ಲೆಕ್ಕ. ರಾತ್ರಿಯ ಕೊನೆಯ ಗಾಡಿಯಲ್ಲಿ ಮನೆಗೆ ಮರಳುವ ಹೋಟೆಲ್ ಕೆಲಸಗಾರನಿಗೂ ದಾದಿಗೂ ಅತ್ಯಂತ ಮುಖ್ಯವಾದ ಸುರಕ್ಷತೆಯ ಪ್ರಶ್ನೆ ಯಾವ ನಗರದ ಪ್ರಮಾಣದಲ್ಲಿಯೂ ಇಲ್ಲವೆಂದಾಯಿತು. ಯಾಜ್ಞವಲ್ಕ್ಯನ ದಾರಿಯ ಅಧಿಕಾರಿ ಇಲ್ಲಿಯೂ ಇದ್ದಾನೆ. ಅವನ ಲೆಕ್ಕ ಊರಿನ ಲೆಕ್ಕದ ಜೊತೆಗೆ ಸೇರುವ ದಾರಿ ಇಲ್ಲ.

ಹಗಲು ಮುಂಬಯಿಯಲ್ಲಿ ದುಡಿದು ಇರುಳು ಥಾಣೆ, ಕಲ್ಯಾಣ್, ಡೊಂಬಿವಲಿ, ವಾಶಿಗಳಲ್ಲಿ ಮಲಗುವ ಜನ ಅಸಂಖ್ಯ. ಇವರನ್ನು ನೆನೆದು, ನಗರಸಮೂಹವನ್ನೇ ಛೇದವಾಗಿಡುವುದು ಸರಿಯಲ್ಲವೇ ಎಂದು ಕೇಳಬಹುದು. ಅದು ಸರಿಯಾದೀತು, ಆದರೆ ಆಗ ಅಂಶವೂ ಇಡೀ ಸಮೂಹದ್ದಾಗಬೇಕು. ಸುಮಾರು 60 ಲಕ್ಷ ಜನರ ತಲೆಯನ್ನು ಮುಂಬಯಿಯ ಲೆಕ್ಕಕ್ಕೂ ಅವರ ಗಾಯವನ್ನು ಬೇರೆ ಲೆಕ್ಕಕ್ಕೂ ಬರೆಯುವ ಕ್ರಮಕ್ಕೆ ಯಾವ ಸಮರ್ಥನೆಯೂ ಇಲ್ಲ.

6. ದಾಖಲೆಯೆಂಬ ಶೋಧಕ

ಗಡಿಯನ್ನು ಸರಿಪಡಿಸಿದರೂ ಒಂದು ಎಚ್ಚರ ಉಳಿಯುತ್ತದೆ. ದಾಖಲಾದುದು ಅಪರಾಧದ ಕುರುಹೇ ಹೊರತು ಅಪರಾಧವಲ್ಲ. ಶಾಸನಗಳ ಅಭ್ಯಾಸಿಗಳಿಗೆ ಇದನ್ನು ವಿವರಿಸುವ ಅಗತ್ಯ ಹೆಚ್ಚಿಲ್ಲ. ಒಂದು ಸೀಮೆಯಲ್ಲಿ ತುರುಗಾಳಗದ ವೀರಗಲ್ಲುಗಳು ಹೆಚ್ಚಾಗಿ ದೊರೆತರೆ ಅಲ್ಲಿ ಕಾಳಗಗಳೂ ಹೆಚ್ಚಾಗಿದ್ದವೆಂದು ನಾವು ಕೂಡಲೇ ತೀರ್ಮಾನಿಸುವುದಿಲ್ಲ. ಕಲ್ಲು ದೊರೆಯುತ್ತಿತ್ತೇ, ನೆಡುವ ಸಂಪ್ರದಾಯವಿತ್ತೇ, ಆ ಸೀಮೆಯ ಶಾಸನಗಳ ಸಮೀಕ್ಷೆ ಪೂರ್ಣವಾಗಿತ್ತೇ ಎಂದು ಕೇಳುತ್ತೇವೆ. 1321ರಲ್ಲಿ ಥಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳ ಕೊಲೆಯಾಯಿತು. ಆ ಒಂದು ಘಟನೆಯಿಂದ ಥಾಣೆಯ ಹೆಸರು ಯುರೋಪಿನ ಚರ್ಚಿನ ದಾಖಲೆಗಳಲ್ಲಿ ಉಳಿಯಿತು. ಅದರಿಂದ 14ನೆಯ ಶತಮಾನದ ಥಾಣೆ ಇತರ ಬಂದರುಗಳಿಗಿಂತ ಕ್ರೂರವಾಗಿತ್ತೆಂದು ಹೇಳಲು ಬಾರದು. ಘಟನೆ ಊರಿಗೆ ಹೆಸರು ತರುತ್ತದೆ, ಪ್ರಮಾಣವನ್ನು ತಿಳಿಸುವುದಿಲ್ಲ.

ಆಧುನಿಕ ದಾಖಲೆಗೂ ಇಂಥ ಶೋಧಕಗಳಿವೆ. ಒಂದೇ ಪ್ರಥಮ ವರ್ತಮಾನ ವರದಿಯಲ್ಲಿ ಹಲವು ಅಪರಾಧಗಳಿದ್ದರೆ ಬ್ಯೂರೋ ಅತ್ಯಂತ ಭಾರವಾದ ಒಂದನ್ನು ಮಾತ್ರ ಎಣಿಸುತ್ತದೆ. ಕಾಣೆಯಾದ ಮಕ್ಕಳ ಪ್ರಕರಣಗಳನ್ನು ಅಪಹರಣದ ದೃಷ್ಟಿಯಿಂದ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಆದೇಶಿಸಿತು. ಸಂಜ್ಞೇಯ ಅಪರಾಧದ ದೂರು ಬಂದರೆ ವರದಿ ದಾಖಲಿಸುವುದು ಕಡ್ಡಾಯವೆಂದು ಅದೇ ವರ್ಷ ಲಲಿತಾ ಕುಮಾರಿ ಪ್ರಕರಣದಲ್ಲಿ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಿಂದ ಅತ್ಯಾಚಾರದ ವ್ಯಾಖ್ಯೆ ವಿಸ್ತಾರವಾಯಿತು. 2013ರ ಹಿಂದಿನ ಮತ್ತು ಮುಂದಿನ ಅಂಕಿಗಳನ್ನು ಒಂದೇ ಗೆರೆಯಲ್ಲಿ ಎಳೆಯುವವರು ಇವನ್ನು ಮರೆಯಬಾರದು. ದಾಖಲಾತಿಯ ಏರಿಕೆಯನ್ನು ಅಪರಾಧದ ಏರಿಕೆಯೆಂದು ತಿಳಿಯಬಾರದೆಂದು ಬ್ಯೂರೋವೇ ತನ್ನ ಸಂಪುಟಗಳಲ್ಲಿ ಎಚ್ಚರಿಸಿದೆ. ದೂರನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳುವ ಠಾಣೆಯ ಊರು ಪಟ್ಟಿಯಲ್ಲಿ ಮೇಲೇರಿ ಕೆಟ್ಟ ಹೆಸರು ಪಡೆಯುವ ಸಂಭವವೂ ಇದೆ. ಮರೆಮಾಡುವುದು ಕಷ್ಟವಾದ ಕೊಲೆಯ ಅಂಕಿ ಈ ಕಾರಣದಿಂದಲೇ ನಗರಗಳ ತುಲನೆಗೆ ಉಳಿದವುಗಳಿಗಿಂತ ಹೆಚ್ಚು ವಿಶ್ವಾಸಾರ್ಹ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಹೊಮ್ಮುವ ಸೂಚನೆಗಳು ಮೂರು. ಮೊದಲನೆಯದಾಗಿ, ಮುಂಬಯಿಯನ್ನು ಇತರ ನಗರಗಳೊಡನೆ ಹೋಲಿಸುವವರು ಮುಂಬಯಿ ಕಮಿಷನರೇಟಿನ ಪ್ರಕರಣಗಳನ್ನು ಬೃಹನ್ಮುಂಬಯಿ ಪಾಲಿಕೆಯ ಜನಸಂಖ್ಯೆಯಿಂದ ಭಾಗಿಸಬೇಕು. ಎರಡನೆಯದಾಗಿ, ಇಡೀ ನಗರಸಮೂಹವೇ ಬೇಕೆಂದರೆ ಮುಂಬಯಿ, ಥಾಣೆ, ನವಿ ಮುಂಬಯಿ, ಮೀರಾ-ಭಾಯಂದರ್ ಮತ್ತು ರೈಲ್ವೆ ಪೊಲೀಸರ ಅಂಕಿಗಳನ್ನು ಕೂಡಿಸಿ, ಭಿವಂಡಿ, ಪನ್ವೇಲ್, ವಸಾಯಿ-ವಿರಾರ್‌ಗಳ ವ್ಯತ್ಯಾಸವನ್ನು ಎರಡೂ ಕಡೆ ಸರಿದೂಗಿಸಬೇಕು. ಮಹಾರಾಷ್ಟ್ರದ ಅಪರಾಧ ತನಿಖಾ ಇಲಾಖೆ ಪುಣೆಯಿಂದ ಪ್ರಕಟಿಸುತ್ತ ಬಂದಿರುವ 'ಕ್ರೈಮ್ ಇನ್ ಮಹಾರಾಷ್ಟ್ರ' ಸಂಪುಟಗಳು ಇದಕ್ಕೆ ನೆರವಾಗುತ್ತವೆ. ಮೂರನೆಯದಾಗಿ, ಥಾಣೆಯ ಕಮಿಷನರೇಟನ್ನು ರಾಷ್ಟ್ರೀಯ ಪಟ್ಟಿಯಲ್ಲಿ ಸ್ವತಂತ್ರ ಘಟಕವಾಗಿ ಕಾಣಿಸುವುದು ಅಗತ್ಯ. ಅಷ್ಟು ಜನರಿರುವ ಪ್ರದೇಶಕ್ಕೆ ಎಷ್ಟು ಠಾಣೆಗಳು, ಎಷ್ಟು ಸಿಬ್ಬಂದಿ ಬೇಕೆಂಬ ವಾದಕ್ಕೆ ಮೊದಲ ಆಧಾರವೇ ಅದರ ಹೆಸರಿನಲ್ಲಿರುವ ಒಂದು ಸಾಲು.

ಕನ್ನಡ ಸಂಶೋಧನೆಗೂ ಇದರಿಂದ ಪಾಠವಿದೆ. 'ಮುಂಬಯಿ ಕನ್ನಡಿಗರು' ಎಂದು ನಾವು ಬರೆಯುವಾಗ ಯಾವ ಮುಂಬಯಿ ಎಂಬುದನ್ನು ಹೇಳುವ ರೂಢಿ ಕಡಿಮೆ. ಜನಗಣತಿಯ ಮಾತೃಭಾಷಾ ಕೋಷ್ಟಕಗಳು ಜಿಲ್ಲಾವಾರು. ಥಾಣೆ ಜಿಲ್ಲೆಯ ಕನ್ನಡಿಗರು ಮುಂಬಯಿಯ ಎರಡು ಜಿಲ್ಲೆಗಳ ಕನ್ನಡಿಗರಲ್ಲಿ ಸೇರುವುದಿಲ್ಲ. 2011ರ ಥಾಣೆ ಜಿಲ್ಲೆಯಲ್ಲಿ ಇಂದಿನ ಪಾಲ್ಘರ್ ಸಹ ಸೇರಿದೆ. ಸಾಹಿತ್ಯಚರಿತ್ರೆಯಲ್ಲಿ ಒಂದೇ ನಗರವಾಗಿ ತೋರುವುದು ಗಣತಿಯಲ್ಲಿ ಮೂರು, ಪೊಲೀಸ್ ದಾಖಲೆಯಲ್ಲಿ ಐದು. ಇನ್ನೊಂದು ಮಾತು: ಯಶವಂತ ಚಿತ್ತಾಲರ 'ಶಿಕಾರಿ' (1979) ಚಿತ್ರಿಸುವ ಮುಂಬಯಿಯ ಭಯ ಯಾವ ಠಾಣೆಯಲ್ಲಿಯೂ ದಾಖಲಾಗುವ ಸ್ವರೂಪದ್ದಲ್ಲ. ಅದನ್ನು ಅಪರಾಧ ಪ್ರಮಾಣದಿಂದ ಅಳೆಯಲು ಹೊರಡುವುದು ಹೇಗೆ ವ್ಯರ್ಥವೋ, ಗಡಿಯನ್ನು ಪರಿಶೀಲಿಸದ ಪ್ರಮಾಣದಿಂದ ಊರುಗಳನ್ನು ಅಳೆಯುವುದೂ ಹಾಗೆಯೇ ವ್ಯರ್ಥ. ಭಾಗಾಕಾರಕ್ಕೆ ಮೊದಲು ಅಂಶದ ಎಲ್ಲೆಯೂ ಛೇದದ ಎಲ್ಲೆಯೂ ಒಂದೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಸಂಶೋಧಕನ ಪ್ರಥಮ ಕರ್ತವ್ಯ.